ಹೊಲ-ತೋಟಗಳ ಕಾವಲು ನಾಯಿಗೆ ಕೊರಳಪಟ್ಟಿಯೋ ಎದೆಪಟ್ಟಿಯೋ: ಆಯ್ಕೆ, ಅಳತೆ ಹಾಗೂ ಸುರಕ್ಷಿತ ಬಳಕೆ

ಪೀಠಿಕೆ

ಕಾಡುಹಂದಿ, ಮಂಗ, ನವಿಲು ಮತ್ತು ಬಿಡಾಡಿ ದನಗಳ ಹಾವಳಿಯಿಂದ ಬೆಳೆಯನ್ನು ಕಾಪಾಡಿಕೊಳ್ಳಲು ರೈತರು ಅನುಸರಿಸುವ ಕ್ರಮಗಳಲ್ಲಿ ನಾಯಿ ಸಾಕಣೆಯೂ ಒಂದು. ಮೆಕ್ಕೆಜೋಳ, ಶೇಂಗಾ, ಕಬ್ಬು ಮತ್ತು ಅಡಿಕೆ ಬೆಳೆಯುವ ಪ್ರದೇಶಗಳಲ್ಲಿ ತೋಟದ ಮನೆಗೊಂದು ನಾಯಿ ಇದ್ದೇ ಇರುತ್ತದೆ. ಬೀಜ, ಗೊಬ್ಬರ, ಔಷಧಿಗಳ ಆಯ್ಕೆಯಲ್ಲಿ ವಿಶೇಷ ಎಚ್ಚರಿಕೆ ವಹಿಸುವ ರೈತರು ಈ ಕಾವಲುಗಾರನ ಕೊರಳಿಗೆ ಏನನ್ನು ಕಟ್ಟಬೇಕು ಎಂಬುದರ ಕಡೆಗೆ ಸಾಮಾನ್ಯವಾಗಿ ಗಮನ ಹರಿಸುವುದಿಲ್ಲ. ಕೈಗೆ ಸಿಕ್ಕ ಪ್ಲಾಸ್ಟಿಕ್ ಹಗ್ಗ, ಹಳೆಯ ದನದ ಕಣ್ಣಿ ಅಥವಾ ಸಂತೆಯಲ್ಲಿ ದೊರೆಯುವ ಅಗ್ಗದ ಬೆಲ್ಟು, ಇವುಗಳಲ್ಲಿ ಒಂದು ನಾಯಿಯ ಕೊರಳನ್ನು ಸೇರುತ್ತದೆ.

ಕೆಲವು ವರ್ಷಗಳ ಹಿಂದೆ ಮೆಕ್ಕೆಜೋಳದ ಕ್ಷೇತ್ರ ಪ್ರಯೋಗವೊಂದನ್ನು ವೀಕ್ಷಿಸಲು ಬೆಳಗಿನ ಹೊತ್ತು ರೈತರೊಬ್ಬರ ಹೊಲಕ್ಕೆ ಹೋಗಿದ್ದೆ. ಅಟ್ಟಣಿಗೆಯ ಕಂಬಕ್ಕೆ ಕಟ್ಟಿದ್ದ ಎರಡು ವರ್ಷದ ನಾಯಿ ಹಿಂದಿನ ರಾತ್ರಿ ಹಂದಿಗಳ ಸದ್ದಿಗೆ ಪಕ್ಕದ ಕಲ್ಲುಕಟ್ಟೆಯ ಆಚೆ ನೆಗೆದು, ಸರಪಳಿ ಸಾಲದೆ, ನೆಲ ಮುಟ್ಟದೆ ನೇತಾಡಿ ಸತ್ತಿತ್ತು. "ಬೆಲ್ಟು ಹೊಸದೇ ಸರ್, ಗಟ್ಟಿ ಐತಿ ಅಂತ ನೋಡೇ ತಂದಿದ್ದೆ" ಎಂದು ಆ ರೈತರು ಹೇಳಿದ ಮಾತು ಇಂದಿಗೂ ನೆನಪಿನಲ್ಲಿದೆ. ಪಟ್ಟಿ ಗಟ್ಟಿಯಾಗಿಯೇ ಇತ್ತು. ಅದು ಇದ್ದ ಜಾಗ ಮತ್ತು ಸರಪಳಿಯನ್ನು ಕಟ್ಟಿದ ಸ್ಥಳ ತಪ್ಪಾಗಿದ್ದವು. ಲೇಖಕನು ಬೇಸಾಯಶಾಸ್ತ್ರದ ವಿಜ್ಞಾನಿಯೇ ಹೊರತು ಪಶುವೈದ್ಯನಲ್ಲ. ಆದುದರಿಂದ ಚಿಕಿತ್ಸೆಯ ವಿಷಯವನ್ನು ಪಶುವೈದ್ಯರಿಗೆ ಬಿಟ್ಟು, ಹೊಲದ ಪರಿಸರದಲ್ಲಿ ಪಟ್ಟಿಯ ಆಯ್ಕೆ ಮತ್ತು ಬಳಕೆಯ ಬಗ್ಗೆ ತಿಳಿದಿರಬೇಕಾದ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

ಈ ಲೇಖನದಲ್ಲಿ ಸಾಮಾನ್ಯವಾಗಿ 'ಬೆಲ್ಟ್' ಅಥವಾ 'ಕಾಲರ್' ಎಂದು ಕರೆಯುವ ಪಟ್ಟಿಯನ್ನು ಕೊರಳಪಟ್ಟಿ ಎಂದೂ, ಎದೆ ಮತ್ತು ಬೆನ್ನನ್ನು ಬಳಸಿ ಕಟ್ಟುವ 'ಹಾರ್ನೆಸ್' ಅನ್ನು ಎದೆಪಟ್ಟಿ ಎಂದೂ ಕರೆಯಲಾಗಿದೆ.

ನಾಯಿಯ ಕೊರಳಿನ ರಚನೆ

ನಾಯಿಯ ಕೊರಳಿನ ಮುಂಭಾಗದಲ್ಲಿ, ಚರ್ಮದ ಕೆಳಗೆ ಹೆಚ್ಚು ಆಳದಲ್ಲಿಲ್ಲದಂತೆ, ಜೀವಕ್ಕೆ ಅತ್ಯಗತ್ಯವಾದ ಹಲವು ಅಂಗಗಳಿವೆ. ಧ್ವನಿಪೆಟ್ಟಿಗೆ ಮತ್ತು ಶ್ವಾಸನಾಳ ಮಧ್ಯದಲ್ಲಿದ್ದು, ಅವುಗಳ ಹಿಂದೆ ಅನ್ನನಾಳವಿದೆ. ಶ್ವಾಸನಾಳದ ಇಕ್ಕೆಲಗಳಲ್ಲಿ ಥೈರಾಯ್ಡ್ ಗ್ರಂಥಿಯ ಎರಡು ಹಾಲೆಗಳಿವೆ. ತಲೆಯಿಂದ ರಕ್ತವನ್ನು ಹೃದಯಕ್ಕೆ ಮರಳಿಸುವ ದೊಡ್ಡ ಅಭಿಧಮನಿಗಳು ಕೊರಳಿನ ಎರಡೂ ಬದಿಗಳಲ್ಲಿ ಚರ್ಮಕ್ಕೆ ಸಮೀಪದಲ್ಲೇ ಹಾದುಹೋಗುತ್ತವೆ. ಶ್ವಾಸನಾಳವು ಮೃದ್ವಸ್ಥಿಯ ಅಪೂರ್ಣ ಉಂಗುರಗಳಿಂದ ಆಗಿರುವುದರಿಂದ ಅತಿಯಾದ ಒತ್ತಡಕ್ಕೆ ಸಿಕ್ಕರೆ ಚಪ್ಪಟೆಯಾಗುತ್ತದೆ.

ಕೊರಳಪಟ್ಟಿಯನ್ನು ಎಳೆದಾಗ ಅಭಿಧಮನಿಗಳ ಮೇಲೆ ಒತ್ತಡ ಬಿದ್ದು ತಲೆಯಿಂದ ರಕ್ತ ಹಿಂದಿರುಗುವುದಕ್ಕೆ ಅಡಚಣೆಯಾಗುತ್ತದೆ. 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ನಾಯಿಗಳು ಕೊರಳಪಟ್ಟಿಯನ್ನು ಎಳೆಯುವಾಗ ಕಣ್ಣಿನೊಳಗಿನ ಒತ್ತಡ ಗಮನಾರ್ಹವಾಗಿ ಏರಿದುದು ಕಂಡುಬಂದರೆ, ಎದೆಪಟ್ಟಿಯನ್ನು ಎಳೆಯುವಾಗ ಅಂತಹ ಏರಿಕೆ ಕಂಡುಬರಲಿಲ್ಲ. ಬ್ರಿಟನ್ನಿನ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ ಕೃತಕ ಕೊರಳಿನ ಮಾದರಿಯ ಮೇಲೆ ಬೇರೆ ಬೇರೆ ಬಗೆಯ ಕೊರಳಪಟ್ಟಿಗಳನ್ನು ಪರೀಕ್ಷಿಸಲಾಯಿತು. ಅಗಲವಾದ, ಮೆತ್ತನೆಯ ಪಟ್ಟಿಗಳೂ ಸೇರಿದಂತೆ ಯಾವ ಪಟ್ಟಿಯೂ ಎಳೆತದ ಸಂದರ್ಭದಲ್ಲಿ ಸಂಪೂರ್ಣ ಸುರಕ್ಷಿತವಲ್ಲ ಎಂಬುದು ಅದರ ತಾತ್ಪರ್ಯ.

ಎದೆಯ ಮುಂಭಾಗದಲ್ಲಿ ಇಂತಹ ಸೂಕ್ಷ್ಮ ಅಂಗಗಳು ಚರ್ಮಕ್ಕೆ ಹತ್ತಿರದಲ್ಲಿಲ್ಲ. ಅಲ್ಲಿ ಎದೆಮೂಳೆ, ಪಕ್ಕೆಲುಬುಗಳು ಮತ್ತು ದಪ್ಪನೆಯ ಮಾಂಸಖಂಡಗಳು ಭಾರವನ್ನು ಹೊರುತ್ತವೆ. ಎದೆಪಟ್ಟಿಯ ಮುಖ್ಯ ಅನುಕೂಲ ಇದೇ ಆಗಿದೆ.

ಎಳೆತದ ಲೆಕ್ಕಾಚಾರ

ನೊಗದ ಮರ ಒರಟಾಗಿದ್ದರೆ ಅಥವಾ ಎತ್ತಿನ ಹೆಗಲಿಗೆ ಸರಿಯಾಗಿ ಕೂಡದಿದ್ದರೆ ಹುಣ್ಣಾಗುವುದು ರೈತರಿಗೆ ತಿಳಿದ ವಿಷಯ. ಭಾರ ಅಷ್ಟೇ ಇದ್ದರೂ ಅದು ಬೀಳುವ ಜಾಗ ಕಿರಿದಾದಷ್ಟೂ ಒತ್ತಡ ಹೆಚ್ಚುತ್ತದೆ. ಇದೇ ತತ್ತ್ವ ನಾಯಿಯ ಪಟ್ಟಿಗೂ ಅನ್ವಯಿಸುತ್ತದೆ.

ಉದಾಹರಣೆಗೆ, 2.5 ಸೆಂ.ಮೀ. ಅಗಲದ ಕೊರಳಪಟ್ಟಿ ಗಂಟಲಿನ ಮುಂಭಾಗದಲ್ಲಿ 8 ಸೆಂ.ಮೀ. ಉದ್ದಕ್ಕೆ ಒತ್ತುತ್ತಿದೆ ಎಂದುಕೊಳ್ಳೋಣ. ಒತ್ತುವ ಕ್ಷೇತ್ರ 20 ಚದರ ಸೆಂ.ಮೀ. ನಾಯಿ 20 ಕಿ.ಗ್ರಾಂ ಭಾರಕ್ಕೆ ಸಮನಾದ ಬಲದಿಂದ ಎಳೆದರೆ ಪ್ರತಿ ಚದರ ಸೆಂ.ಮೀ. ಮೇಲೆ 1 ಕಿ.ಗ್ರಾಂ ಒತ್ತಡ ಬೀಳುತ್ತದೆ. 4 ಸೆಂ.ಮೀ. ಅಗಲದ ಎದೆಪಟ್ಟಿ 25 ಸೆಂ.ಮೀ. ಉದ್ದಕ್ಕೆ ಎದೆಯನ್ನು ತಬ್ಬಿದ್ದರೆ ಕ್ಷೇತ್ರ 100 ಚದರ ಸೆಂ.ಮೀ. ಆಗಿ, ಒತ್ತಡ ಐದನೆಯ ಒಂದು ಭಾಗಕ್ಕೆ ಇಳಿಯುತ್ತದೆ.

ಏಕಾಏಕಿ ಬೀಳುವ ಜಗ್ಗು ಇದಕ್ಕಿಂತ ಅಪಾಯಕಾರಿ. 20 ಕಿ.ಗ್ರಾಂ ತೂಕದ ನಾಯಿ ಗಂಟೆಗೆ 36 ಕಿ.ಮೀ. ವೇಗದಲ್ಲಿ ಓಡಿ, ಹಿಗ್ಗುವ ಉದ್ದನೆಯ ಹಗ್ಗದ ತುದಿಯಲ್ಲಿ ಅರ್ಧ ಮೀಟರ್ ಅಂತರದಲ್ಲಿ ನಿಂತರೆ ಸರಾಸರಿ ಸುಮಾರು 200 ಕಿ.ಗ್ರಾಂ ಭಾರದಷ್ಟು ಬಲ ಪಟ್ಟಿಯ ಮೇಲೆ ಬೀಳುತ್ತದೆ. ಅದೇ ನಾಯಿ ಇದರ ಅರ್ಧ ವೇಗದಲ್ಲಿ ಓಡಿ, ಹಿಗ್ಗದ ಕಬ್ಬಿಣದ ಸರಪಳಿಯಿಂದಾಗಿ ಕೇವಲ 10 ಸೆಂ.ಮೀ. ಅಂತರದಲ್ಲಿ ನಿಂತರೆ ಆ ಬಲ ಸುಮಾರು 250 ಕಿ.ಗ್ರಾಂಗೆ ಏರುತ್ತದೆ. ಅಂದರೆ ಗಿಡ್ಡ ಸರಪಳಿಯಲ್ಲಿ ನಾಯಿ ಹೆಚ್ಚು ಓಡಲಾರದು ಎಂಬ ಕಾರಣಕ್ಕೆ ಅದು ಸುರಕ್ಷಿತ ಎಂದು ಭಾವಿಸುವುದು ತಪ್ಪು. ಎದೆಪಟ್ಟಿ ಹಾಕಿದರೂ ಈ ಬಲ ಕಡಿಮೆಯಾಗುವುದಿಲ್ಲ. ಆದರೆ ಅದು ಗಂಟಲಿನ ಬದಲು ಎದೆಯ ಮೇಲೆ ಬೀಳುತ್ತದೆ.

ಕೊರಳಪಟ್ಟಿಯ ವಿಧಗಳು

1. ಬಕಲ್ ಇರುವ ಚಪ್ಪಟೆ ಪಟ್ಟಿ: ಚರ್ಮ, ನೈಲಾನ್ ಅಥವಾ ಹತ್ತಿಯಿಂದ ತಯಾರಾದದ್ದು. ಗುರುತಿನ ಬಿಲ್ಲೆ ತೂಗುಹಾಕಲು ಮತ್ತು ಎಳೆಯದೆ ನಡೆಯುವ ನಾಯಿಗೆ ಸೂಕ್ತ.

2. ಮಾರ್ಟಿಂಗೇಲ್ ಪಟ್ಟಿ: ದೊಡ್ಡ ಮತ್ತು ಸಣ್ಣ ಎರಡು ಕುಣಿಕೆಗಳಿಂದ ಕೂಡಿದ್ದು, ಎಳೆದಾಗ ಮಿತಿಯವರೆಗೆ ಮಾತ್ರ ಬಿಗಿಯಾಗುತ್ತದೆ. ಕೊರಳಿಗಿಂತ ತಲೆ ಸಣ್ಣದಾಗಿರುವ ಬೇಟೆನಾಯಿಗಳು ನುಸುಳಿಕೊಳ್ಳದಂತೆ ತಡೆಯುತ್ತದೆ. ನಾಯಿಯನ್ನು ಕೈಯಲ್ಲಿ ಹಿಡಿದು ನಡೆಸುವಾಗ ಮಾತ್ರ ಬಳಸಬೇಕು. ಇದನ್ನು ಹಾಕಿ ಗೂಟಕ್ಕೆ ಕಟ್ಟಬಾರದು.

3. ಕಳಚಿಕೊಳ್ಳುವ ಪಟ್ಟಿ: ಬೇಲಿಗೋ ಕೊಂಬೆಗೋ ಸಿಕ್ಕಿಕೊಂಡು ಜಗ್ಗಿದಾಗ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ಹೊಲದಲ್ಲಿ ಬಿಡುವಾಗಿ ತಿರುಗುವ ನಾಯಿಗೆ ಉತ್ತಮ. ಹಗ್ಗ ಅಥವಾ ಸರಪಳಿ ಕಟ್ಟಲು ಇದು ಉಪಯೋಗವಿಲ್ಲ.

4. ಕುಣಿಕೆ ಸರಪಳಿ ಮತ್ತು ಮುಳ್ಳುಪಟ್ಟಿ: ಎಳೆದಷ್ಟೂ ಬಿಗಿಯುವ ಲೋಹದ ಸರಪಳಿ ಹಾಗೂ ಒಳಮುಖವಾಗಿ ಹಲ್ಲುಗಳಿರುವ ಪಟ್ಟಿಗಳನ್ನು ಬಳಸಬಾರದು. ಒಂಟಿಯಾಗಿ ಕಟ್ಟಿಹಾಕಿದ ನಾಯಿಯ ಕೊರಳಲ್ಲಿ ಕುಣಿಕೆ ಸರಪಳಿ ಇದ್ದರೆ ಅದು ನೇಣಾಗುತ್ತದೆ.

5. ಹಗ್ಗ, ತಂತಿ, ದನದ ಕಣ್ಣಿ: ಯಾವ ಸಂದರ್ಭದಲ್ಲೂ ಸಲ್ಲದು. ಮರಿಯಾಗಿದ್ದಾಗ ಕಟ್ಟಿದ ಹಗ್ಗವನ್ನು ಸಡಿಲಿಸದೆ ಬಿಟ್ಟರೆ, ನಾಯಿ ಬೆಳೆದಂತೆ ಅದು ಚರ್ಮವನ್ನು ಕೊಯ್ದು ಮಾಂಸದೊಳಗೆ ಹೂತುಹೋಗುತ್ತದೆ. ಕೂದಲು ಮುಚ್ಚಿರುವುದರಿಂದ ದುರ್ವಾಸನೆ ಬರುವವರೆಗೆ ಮನೆಯವರಿಗೆ ತಿಳಿಯುವುದಿಲ್ಲ.

ಎದೆಪಟ್ಟಿಯ ವಿಧಗಳು

1. ವೈ ಆಕಾರದ ಎದೆಪಟ್ಟಿ: ಮುಂಭಾಗದ ಪಟ್ಟಿಗಳು ಎದೆಮೂಳೆಯ ಮೇಲೆ ಕೂಡಿ, ಮುಂಗಾಲುಗಳ ನಡುವೆ ಹಾದು ಎದೆಯ ಸುತ್ತಿನ ಪಟ್ಟಿಯನ್ನು ಸೇರುತ್ತವೆ. ಭುಜಗಳ ಮೇಲೆ ಅಡ್ಡಲಾಗಿ ಪಟ್ಟಿ ಇರುವುದಿಲ್ಲ. ಸಾಮಾನ್ಯ ಬಳಕೆಗೆ ಇದು ಸೂಕ್ತ.

2. ಅಡ್ಡಪಟ್ಟಿಯ ಎದೆಪಟ್ಟಿ: ಎದೆಯ ಮುಂದೆ ಅಡ್ಡಲಾಗಿ ಒಂದೇ ಪಟ್ಟಿ ಇರುತ್ತದೆ. ಹಾಕಲು ಸುಲಭ. ಪಟ್ಟಿ ಮೇಲಕ್ಕೆ ಸರಿದರೆ ಗಂಟಲನ್ನು ಒತ್ತುವುದರಿಂದ ಕೊರಳಪಟ್ಟಿಯ ದೋಷವೇ ಇದಕ್ಕೂ ಬರುತ್ತದೆ.

3. ಮೂರು ಪಟ್ಟಿಯ ಎದೆಪಟ್ಟಿ: ಎದೆಯ ಸುತ್ತಿನ ಪಟ್ಟಿಯ ಹಿಂದೆ, ಪಕ್ಕೆಲುಬುಗಳು ಮುಗಿಯುವ ಭಾಗದಲ್ಲಿ ಇನ್ನೊಂದು ಪಟ್ಟಿ ಇರುತ್ತದೆ. ನಾಯಿ ಹಿಂದಕ್ಕೆ ಸರಿದು ನುಸುಳಿಕೊಳ್ಳುವುದನ್ನು ಇದು ತಡೆಯುತ್ತದೆ.

ಎದೆಪಟ್ಟಿಗೂ ಮಿತಿಗಳಿವೆ. 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ವೈ ಆಕಾರದ ಹಾಗೂ ಅಡ್ಡಪಟ್ಟಿಯ ಎರಡೂ ಎದೆಪಟ್ಟಿಗಳು ನಾಯಿ ಮುಂಗಾಲನ್ನು ಮುಂದಕ್ಕೆ ಚಾಚುವ ಪ್ರಮಾಣವನ್ನು ಸ್ವಲ್ಪ ಕಡಿಮೆ ಮಾಡುವುದು ಕಂಡುಬಂದಿದೆ. ಹಗಲೂ ರಾತ್ರಿ ಬಿಚ್ಚದೆ ಬಿಟ್ಟರೆ ಕಂಕುಳಿನಲ್ಲಿ ಚರ್ಮ ತರಚುತ್ತದೆ. ಒಂಟಿಯಾಗಿ ಬಿಟ್ಟ ನಾಯಿ ಅದನ್ನು ಕಚ್ಚಿ ಹರಿಯಬಹುದು ಅಥವಾ ಸಡಿಲವಾದ ಪಟ್ಟಿಯೊಳಗೆ ಕಾಲು ಸಿಕ್ಕಿಸಿಕೊಳ್ಳಬಹುದು. ಆದುದರಿಂದ ಎದೆಪಟ್ಟಿಯನ್ನು ಕೆಲಸದ ಹೊತ್ತಿನಲ್ಲಿ ಹಾಕಿ, ಕೆಲಸ ಮುಗಿದ ಮೇಲೆ ಬಿಚ್ಚಬೇಕು.

ಯಾವ ಸಂದರ್ಭಕ್ಕೆ ಯಾವುದು?

ಗುರುತಿಗೆ ಕೊರಳಪಟ್ಟಿ, ಎಳೆತಕ್ಕೆ ಎದೆಪಟ್ಟಿ ಎಂಬುದನ್ನು ಮೂಲ ನಿಯಮವಾಗಿ ಇಟ್ಟುಕೊಳ್ಳಬಹುದು. ಸಂದರ್ಭಾನುಸಾರ ಆಯ್ಕೆ ಈ ಕೆಳಗಿನಂತಿದೆ.

- ಹೊಲದಲ್ಲಿ ಬಿಡುವಾಗಿ ತಿರುಗುವ ನಾಯಿ: ಬಿಲ್ಲೆ ಸಹಿತ ಕಳಚಿಕೊಳ್ಳುವ ಕೊರಳಪಟ್ಟಿ.
- ರಸ್ತೆಯಲ್ಲಿ ಅಥವಾ ಆಸ್ಪತ್ರೆಗೆ ನಡೆಸಿಕೊಂಡು ಹೋಗುವಾಗ: ವೈ ಆಕಾರದ ಎದೆಪಟ್ಟಿ.
- ಜಗ್ಗಿ ಎಳೆಯುವ ನಾಯಿ: ಎದೆಯ ಮುಂಭಾಗದಲ್ಲಿಯೂ ಹಗ್ಗ ಸಿಕ್ಕಿಸುವ ಬಳೆ ಇರುವ ಎದೆಪಟ್ಟಿ. ಎಳೆದಾಗ ನಾಯಿ ಪಕ್ಕಕ್ಕೆ ತಿರುಗುವುದರಿಂದ ಎಳೆಯುವ ಅಭ್ಯಾಸ ತಗ್ಗುತ್ತದೆ.
- ಮುಧೋಳ ಮುಂತಾದ ಬೇಟೆನಾಯಿ: ಮೂರು ಪಟ್ಟಿಯ ಎದೆಪಟ್ಟಿ ಅಥವಾ ಅಗಲವಾದ ಮಾರ್ಟಿಂಗೇಲ್ ಪಟ್ಟಿ.
- ಪಾಮೇರಿಯನ್, ಪಗ್ ಮುಂತಾದ ಸಣ್ಣ ನಾಯಿಗಳು: ಎದೆಪಟ್ಟಿ ಮಾತ್ರ. ಪಾಮೇರಿಯನ್ ತಳಿಯಲ್ಲಿ ಶ್ವಾಸನಾಳ ಕುಸಿಯುವ ತೊಂದರೆ ಹೆಚ್ಚು. ಪಗ್ ತಳಿಗೆ ಮೊದಲೇ ಉಸಿರಾಟದ ಕಷ್ಟವಿರುತ್ತದೆ.
- ಕೆಮ್ಮು, ಕಣ್ಣಿನ ತೊಂದರೆ ಅಥವಾ ಕೊರಳಿನ ಗಾಯವಿರುವ ನಾಯಿ: ಎದೆಪಟ್ಟಿ ಮಾತ್ರ.
- ವಾಹನದಲ್ಲಿ ಸಾಗಿಸುವಾಗ: ಗೂಡು ಅಥವಾ ಪೆಟ್ಟಿಗೆ ಉತ್ತಮ, ಇಲ್ಲದಿದ್ದರೆ ಎದೆಪಟ್ಟಿ.
- ಎರಡು ನಾಯಿಗಳು ಒಟ್ಟಿಗೆ ಆಡುವಾಗ: ಯಾವ ಪಟ್ಟಿಯೂ ಬೇಡ. ಒಂದರ ಕೆಳದವಡೆ ಇನ್ನೊಂದರ ಪಟ್ಟಿಗೆ ಸಿಕ್ಕಿ ಎರಡೂ ಗಾಬರಿಯಿಂದ ಜಗ್ಗಾಡಿದರೆ ಪ್ರಾಣಾಪಾಯ ಸಂಭವಿಸುತ್ತದೆ.

ಮುಧೋಳ ನಾಯಿಗೆ ವಿಶೇಷ ಸೂಚನೆ

ಬಾಗಲಕೋಟೆ ಜಿಲ್ಲೆಯ ಮುಧೋಳ ತಳಿ ನಮ್ಮ ರಾಜ್ಯದ ಹೆಮ್ಮೆ. 2005ರಲ್ಲಿ ಅಂಚೆ ಇಲಾಖೆ ಹೊರತಂದ ದೇಸಿ ನಾಯಿ ತಳಿಗಳ ಅಂಚೆಚೀಟಿಗಳಲ್ಲಿ ಇದಕ್ಕೂ ಸ್ಥಾನ ದೊರೆತಿದೆ. ಬೀದರಿನ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯವು ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಈ ತಳಿಗಾಗಿ ಸಂಶೋಧನಾ ಕೇಂದ್ರವನ್ನು ನಡೆಸುತ್ತಿದೆ.

ಕಣ್ಣಿನಿಂದ ಬೇಟೆಯನ್ನು ಗುರುತಿಸಿ ಅತಿ ವೇಗದಿಂದ ಬೆನ್ನಟ್ಟುವ ಈ ತಳಿಗೆ ಉದ್ದನೆಯ ಕೊರಳು, ಸಪುರವಾದ ತಲೆ, ಆಳವಾದ ಎದೆ ಮತ್ತು ತೆಳುವಾದ ಸೊಂಟ ಇರುತ್ತದೆ. ಇದರಿಂದ ಎರಡು ತೊಂದರೆಗಳಿವೆ. ಸಾಮಾನ್ಯ ಕೊರಳಪಟ್ಟಿಯಿಂದ ತಲೆ ಸುಲಭವಾಗಿ ಹೊರಬರುತ್ತದೆ. ಹಾಗೆ ಆಗದಿರಲೆಂದು ರೈತರು ಪಟ್ಟಿಯನ್ನು ಇನ್ನೂ ಬಿಗಿಯಾಗಿ ಕಟ್ಟುತ್ತಾರೆ. ಚರ್ಮ ತೆಳುವಾಗಿದ್ದು ಕೊಬ್ಬಿನ ಪದರ ಕಡಿಮೆ ಇರುವುದರಿಂದ ಬಿಗಿಯಾದ ಕಿರುಪಟ್ಟಿ ಬಹುಬೇಗ ಗಾಯ ಮಾಡುತ್ತದೆ. ಈ ತಳಿಗೆ 4 ರಿಂದ 5 ಸೆಂ.ಮೀ. ಅಗಲದ, ಒಳಭಾಗದಲ್ಲಿ ಮೆತ್ತನೆಯ ಬಟ್ಟೆಯುಳ್ಳ ಪಟ್ಟಿಯನ್ನೇ ಆರಿಸಬೇಕು. ಮೊಲವನ್ನೋ ನರಿಯನ್ನೋ ಕಂಡ ಕ್ಷಣದಲ್ಲಿ ಇದು ಪೂರ್ಣ ವೇಗ ಪಡೆಯುವುದರಿಂದ, ಉದ್ದನೆಯ ಹಗ್ಗವನ್ನು ಕೊರಳಪಟ್ಟಿಗೆ ಎಂದಿಗೂ ಸಿಕ್ಕಿಸಬಾರದು.

ಅಳತೆ ಮತ್ತು ಹೊಂದಾಣಿಕೆ

ದರ್ಜಿಯ ಅಳತೆ ಪಟ್ಟಿ ಇಲ್ಲದಿದ್ದರೆ ಸುತಳಿಯಿಂದ ಅಳೆದು, ಸುತಳಿಯನ್ನು ಸ್ಕೇಲಿನ ಮೇಲೆ ಇಟ್ಟು ನೋಡಬಹುದು. ನಾಯಿ ನೆಟ್ಟಗೆ ನಿಂತಿರುವಾಗ ಅಳೆಯಬೇಕು.

1. ಕೊರಳಪಟ್ಟಿಗೆ ಕೊರಳಿನ ಮಧ್ಯಭಾಗದ ಸುತ್ತಳತೆ ತೆಗೆದುಕೊಳ್ಳಬೇಕು. ಪಟ್ಟಿ ಹಾಕಿದ ಮೇಲೆ ಎರಡು ಬೆರಳುಗಳು ಆರಾಮವಾಗಿ ಒಳಹೋಗಬೇಕು. ಬೆರಳು ಹೋಗದಿದ್ದರೆ ಬಿಗಿ, ಮುಷ್ಟಿ ಹೋದರೆ ಸಡಿಲ.

2. ಎದೆಪಟ್ಟಿಗೆ ಮುಂಗಾಲುಗಳ ಹಿಂದೆ ಎದೆ ಅತ್ಯಂತ ಆಳವಾಗಿರುವ ಕಡೆ ಸುತ್ತಳತೆ ತೆಗೆದುಕೊಳ್ಳಬೇಕು. ಎದೆಯ ಸುತ್ತಿನ ಪಟ್ಟಿ ಕಂಕುಳಿನಿಂದ ಮೂರು ನಾಲ್ಕು ಬೆರಳು ಹಿಂದೆ ಇರಬೇಕು.

3. ಮುಂಭಾಗದ ಪಟ್ಟಿಗಳು ಕೂಡುವ ಜಾಗ ಎದೆಮೂಳೆಯ ತುದಿಯ ಮೇಲೆಯೇ ಬರಬೇಕು. ಹಗ್ಗವನ್ನು ಹಿಂದಕ್ಕೆ ಎಳೆದು ನೋಡಿ, ಪಟ್ಟಿ ಗಂಟಲಿಗೆ ಸರಿಯುವುದಿಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು.

4. ಪಟ್ಟಿಯ ಅಗಲ 10 ಕಿ.ಗ್ರಾಂ ಒಳಗಿನ ನಾಯಿಗೆ 1.5 ರಿಂದ 2 ಸೆಂ.ಮೀ., 10 ರಿಂದ 20 ಕಿ.ಗ್ರಾಂ ನಾಯಿಗೆ 2 ರಿಂದ 2.5 ಸೆಂ.ಮೀ., ಅದಕ್ಕಿಂತ ದೊಡ್ಡ ನಾಯಿಗೆ 2.5 ರಿಂದ 4 ಸೆಂ.ಮೀ. ಇರಲಿ.

5. ಮರಿಗಳ ಪಟ್ಟಿಯನ್ನು ವಾರಕ್ಕೊಮ್ಮೆ ತಪ್ಪದೆ ಪರೀಕ್ಷಿಸಬೇಕು. ಪ್ರತಿ ವಾರ ಸಂತೆಗೆ ಹೋಗುವ ದಿನವನ್ನೇ ಪಟ್ಟಿ ನೋಡುವ ದಿನವೆಂದು ಗೊತ್ತುಮಾಡಿಕೊಂಡರೆ ಮರೆಯುವುದಿಲ್ಲ. ಗಬ್ಬದ ನಾಯಿಯ ಎದೆಪಟ್ಟಿಯನ್ನೂ ಹೀಗೆಯೇ ನೋಡಬೇಕು.

ಸ್ಥಳೀಯವಾಗಿ ಎದೆಪಟ್ಟಿ ತಯಾರಿಕೆ

ಅಂಗಡಿಯ ಎದೆಪಟ್ಟಿ ದೊರೆಯದ ಕಡೆ ಮಂಚಕ್ಕೆ ಬಳಸುವ ಹತ್ತಿಯ ನವಾರಿನಿಂದ ಇದನ್ನು ಹೊಲಿಸಿಕೊಳ್ಳಬಹುದು. ಕೊರಳಿನ ಬುಡಕ್ಕೆ ಒಂದು ಕುಣಿಕೆ ಮತ್ತು ಎದೆಯ ಸುತ್ತ ಒಂದು ಪಟ್ಟಿ ಮಾಡಿ, ಇವೆರಡನ್ನು ಬೆನ್ನಿನ ಮೇಲೊಂದು, ಎದೆಯ ಕೆಳಗೊಂದು ಪಟ್ಟಿಯಿಂದ ಜೋಡಿಸಬೇಕು. ಕೊರಳಿನ ಕುಣಿಕೆ ಗಂಟಲಿನ ಮೇಲಲ್ಲದೆ ಭುಜಗಳ ಮುಂದೆ, ಎದೆಮೂಳೆಯ ಮೇಲೆ ಕೂರಬೇಕು. ಎದೆಯ ಸುತ್ತಿನ ಪಟ್ಟಿಗೆ ಲೋಹದ ಬಕಲ್ ಹಾಕಿಸಿ, ಬೆನ್ನಿನ ಪಟ್ಟಿಗೆ ಬೆಸುಗೆ ಹಾಕಿದ ಕಬ್ಬಿಣದ ಬಳೆಯನ್ನು ಹೊಲಿಸಬೇಕು. ಚಮ್ಮಾರಿಕೆ ಕೆಲಸದವರು ದಪ್ಪ ದಾರದಿಂದ ಚೌಕಾಕಾರದಲ್ಲಿ ಎರಡು ಸುತ್ತು ಹೊಲಿಗೆ ಹಾಕಿದರೆ ಗಟ್ಟಿಯಾಗಿರುತ್ತದೆ.

ನಾಯಿಗೆ ಹಾಕುವ ಮೊದಲು 45 ಕಿ.ಗ್ರಾಂ ಯೂರಿಯಾ ಚೀಲಕ್ಕೆ ಎದೆಪಟ್ಟಿಯನ್ನು ತೊಡಿಸಿ, ಬಳೆಗೆ ಹಗ್ಗ ಹಾಕಿ ಎತ್ತಿ ಕೆಲವು ಬಾರಿ ಜಗ್ಗಿ ನೋಡಬೇಕು. ಹೊಲಿಗೆ ಬಿಟ್ಟರೆ ಅಥವಾ ಬಕಲ್ ಜಾರಿದರೆ ಅದನ್ನು ಬಳಸಬಾರದು.

ನಾಯಿಯನ್ನು ಕಟ್ಟುವ ವಿಧಾನ

ನಾಯಿಯನ್ನು ಸದಾ ಕಟ್ಟಿಹಾಕುವುದಕ್ಕಿಂತ ಜಾಲರಿಯ ಆವರಣದೊಳಗೆ ಬಿಡುವುದು ಉತ್ತಮ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ, ಅತಿಯಾಗಿ ಗಿಡ್ಡವಾದ ಅಥವಾ ಭಾರವಾದ ಸರಪಳಿಯಲ್ಲಿ ಪ್ರಾಣಿಯನ್ನು ದೀರ್ಘಕಾಲ ಕಟ್ಟಿಹಾಕುವುದು ಹಾಗೂ ಸದಾ ಕಟ್ಟಿರುವ ನಾಯಿಗೆ ಓಡಾಟದ ಅವಕಾಶ ನೀಡದಿರುವುದು ಅಪರಾಧ. ಕಟ್ಟಲೇಬೇಕಾದ ಸಂದರ್ಭದಲ್ಲಿ ಈ ಕ್ರಮಗಳನ್ನು ಅನುಸರಿಸಬೇಕು.

- ಸರಪಳಿಯ ಉದ್ದ ನಾಯಿಯ ದೇಹದ ಉದ್ದದ ಕನಿಷ್ಠ ಐದು ಪಟ್ಟು ಇರಲಿ. ಎರಡೂ ತುದಿಗಳಲ್ಲಿ ತಿರುಗುವ ಕೊಂಡಿ ಇದ್ದರೆ ಸರಪಳಿ ಹುರಿಗೊಳ್ಳುವುದಿಲ್ಲ.
- ಸರಪಳಿ ತಲುಪುವ ವೃತ್ತದೊಳಗೆ ಗೋಡೆ, ಕಟ್ಟೆ, ಅಟ್ಟಣಿಗೆ, ಬಾವಿಯ ದಂಡೆ, ನಿಲ್ಲಿಸಿದ ಗಾಡಿ ಅಥವಾ ಟ್ರ್ಯಾಕ್ಟರ್ ಇರಬಾರದು. ನಾಯಿ ಹತ್ತಿ ಆಚೆ ನೆಗೆಯಬಹುದಾದ ಯಾವುದೇ ವಸ್ತು ಸರಪಳಿಯ ಅಳತೆಗೆ ನಿಲುಕಬಾರದು. ಪೀಠಿಕೆಯಲ್ಲಿ ಹೇಳಿದ ನಾಯಿ ಸತ್ತದ್ದು ಈ ಒಂದು ತಪ್ಪಿನಿಂದ.
- ಗೂಟದ ತುದಿಯಲ್ಲಿ ದ್ವಿಚಕ್ರ ವಾಹನದ ಹಳೆಯ ಟ್ಯೂಬಿನ ತುಂಡನ್ನು ಸೇರಿಸಿದರೆ ಜಗ್ಗಿನ ಹೊಡೆತ ತಗ್ಗುತ್ತದೆ. ಟ್ಯೂಬು ಹರಿದರೂ ನಾಯಿ ತಪ್ಪಿಸಿಕೊಳ್ಳದಂತೆ ಸರಪಳಿಯನ್ನು ಸಡಿಲವಾಗಿ ಗೂಟಕ್ಕೂ ಸಿಕ್ಕಿಸಿರಬೇಕು.
- ಎರಡು ಕಂಬಗಳ ನಡುವೆ ತಂತಿ ಬಿಗಿದು, ಅದರ ಮೇಲೆ ಜಾರುವ ಬಳೆಗೆ ಸರಪಳಿ ಸಿಕ್ಕಿಸಿದರೆ ನಾಯಿಗೆ ಉದ್ದಕ್ಕೂ ಓಡಾಡಲು ಸಾಧ್ಯ.
- ಸೋಲಾರ್ ಬೇಲಿಯ ಸಮೀಪ ಲೋಹದ ಸರಪಳಿಯಲ್ಲಿ ಕಟ್ಟಬಾರದು. ಸರಪಳಿ ತಂತಿಗೆ ತಗುಲಿದರೆ ನಾಯಿ ಪದೇ ಪದೇ ಆಘಾತಕ್ಕೆ ಒಳಗಾಗುತ್ತದೆ, ಓಡಿ ಪಾರಾಗಲು ಅದಕ್ಕೆ ದಾರಿಯಿರುವುದಿಲ್ಲ.
- ಮೇವು ಕತ್ತರಿಸುವ ಯಂತ್ರ, ಒಕ್ಕಣೆ ಯಂತ್ರ ಹಾಗೂ ಟ್ರ್ಯಾಕ್ಟರಿನ ತಿರುಗುವ ದಂಡದ ಬಳಿ ಪಟ್ಟಿ ಅಥವಾ ಹಗ್ಗ ಹಾಕಿದ ನಾಯಿಯನ್ನು ಬಿಡಬಾರದು.

ಕೀಟನಾಶಕ ಮತ್ತು ಪಟ್ಟಿ

ಈ ವಿಷಯಕ್ಕೆ ರೈತರು ವಿಶೇಷ ಗಮನ ಕೊಡಬೇಕು. ಹತ್ತಿ ಮತ್ತು ನೈಲಾನ್ ಪಟ್ಟಿಗಳು ಸಿಂಪರಣಾ ದ್ರಾವಣವನ್ನು ಹೀರಿಕೊಳ್ಳುತ್ತವೆ. ಸಿಂಪಡಿಸಿದ ಹೊಲದಲ್ಲಿ ಓಡಾಡಿದ ನಾಯಿಯ ಕೂದಲನ್ನು ತೊಳೆದರೂ ಪಟ್ಟಿಯಲ್ಲಿ ಉಳಿದ ಔಷಧಿ ದಿನಗಟ್ಟಲೆ ಚರ್ಮಕ್ಕೆ ತಾಗುತ್ತಿರುತ್ತದೆ. ಎದೆಪಟ್ಟಿಯ ಕ್ಷೇತ್ರ ಹೆಚ್ಚಾಗಿರುವುದರಿಂದ ಹಾಗೂ ಅದು ಬೆಳೆಯ ಎಲೆಗಳಿಗೆ ತಗುಲುವುದರಿಂದ ಈ ಅಪಾಯ ಎದೆಪಟ್ಟಿಯಲ್ಲಿಯೇ ಹೆಚ್ಚು.

ಸಿಂಪರಣೆಯ ದಿನ ನಾಯಿಯನ್ನು ಹೊಲದಿಂದ ದೂರವಿಡಬೇಕು. ಔಷಧಿಯ ಚೀಟಿಯಲ್ಲಿ ಸೂಚಿಸಿದ ಅವಧಿ ಮುಗಿಯುವವರೆಗೆ ಹೊಲಕ್ಕೆ ಬಿಡಬಾರದು. ಪಟ್ಟಿ ತೊಯ್ದಿದ್ದರೆ ಕೈಗವಸು ಧರಿಸಿ ಅದನ್ನು ಬಿಚ್ಚಿ, ನಾಯಿಯ ಮೈಯನ್ನು ಸೋಪು ಮತ್ತು ನೀರಿನಿಂದ ತೊಳೆಯಬೇಕು. ಪಟ್ಟಿಯನ್ನು ಮತ್ತೆ ಬಳಸದಿರುವುದೇ ಕ್ಷೇಮ. ಜೊಲ್ಲು ಸುರಿಯುವುದು, ನಡುಕ, ವಾಂತಿ, ತೂರಾಡುವುದು ಕಂಡುಬಂದರೆ ಔಷಧಿಯ ಡಬ್ಬಿಯೊಂದಿಗೆ ತಕ್ಷಣ ಪಶು ಆಸ್ಪತ್ರೆಗೆ ಕರೆದೊಯ್ಯಬೇಕು.

ಉಣ್ಣಿ ಮತ್ತು ಚಿಗಟಗಳ ನಿವಾರಣೆಗೆಂದು ಬೆಳೆಗೆ ಬಳಸುವ ಕೀಟನಾಶಕದಲ್ಲಿ ಹಗ್ಗವನ್ನೋ ಬಟ್ಟೆಯನ್ನೋ ನೆನೆಸಿ ನಾಯಿಯ ಕೊರಳಿಗೆ ಕಟ್ಟುವುದು ಅತ್ಯಂತ ಅಪಾಯಕಾರಿ. ಪ್ರಾಣಿಗಳಿಗಾಗಿಯೇ ತಯಾರಾದ ಉಣ್ಣಿ ನಿವಾರಕ ಪಟ್ಟಿಗಳು ಔಷಧಿ ಅಂಗಡಿಗಳಲ್ಲಿ ದೊರೆಯುತ್ತವೆ. ಅವನ್ನು ಪಶುವೈದ್ಯರ ಸಲಹೆಯಂತೆ, ಮರಿಯ ವಯಸ್ಸನ್ನು ನೋಡಿ ಬಳಸಬೇಕು. ಇಂತಹ ಪಟ್ಟಿಗೆ ಹಗ್ಗ ಕಟ್ಟಬಾರದು.

ಮಳೆಗಾಲದ ಆರೈಕೆ

ಮಲೆನಾಡು ಮತ್ತು ಕರಾವಳಿಯಲ್ಲಿ ಮಳೆಗಾಲದುದ್ದಕ್ಕೂ ಪಟ್ಟಿ ಒದ್ದೆಯಾಗಿಯೇ ಇರುತ್ತದೆ. ಒದ್ದೆ ಚರ್ಮದ ಪಟ್ಟಿ ಬೂಷ್ಟು ಹಿಡಿದು ಬಿರುಸಾಗುತ್ತದೆ, ಅದರಡಿಯ ಚರ್ಮದಲ್ಲಿ ಕೂದಲು ಉದುರಿ ಹುಣ್ಣಾಗುತ್ತದೆ. ಈ ಪ್ರದೇಶಗಳಿಗೆ ಬೇಗ ಒಣಗುವ ನೈಲಾನ್ ಪಟ್ಟಿ ಸೂಕ್ತ. ಎರಡು ಪಟ್ಟಿಗಳನ್ನು ಇಟ್ಟುಕೊಂಡು ಒಂದು ಒಣಗುವಾಗ ಇನ್ನೊಂದನ್ನು ಬಳಸಬಹುದು. ಬಯಲುಸೀಮೆಯಲ್ಲಿ ಉತ್ತರಾಣಿ ಮುಂತಾದ ಕಳೆಗಳ ಅಂಟುಮುಳ್ಳುಗಳು ಎದೆಪಟ್ಟಿಯ ಅಂಚಿಗೆ ಸಿಕ್ಕಿ ಕಂಕುಳನ್ನು ಚುಚ್ಚುತ್ತವೆ. ಹೊಲದಿಂದ ಬಂದ ಕೂಡಲೇ ಪಟ್ಟಿ ಬಿಚ್ಚಿ ಕೊಡವಿ, ಅದರಡಿಯಲ್ಲಿ ಉಣ್ಣಿಗಳಿವೆಯೇ ಎಂದು ಕೈಯಾಡಿಸಿ ನೋಡಬೇಕು.

ವಾಹನ, ಬಾವಿ ಮತ್ತು ಚಿರತೆ

ತೆರೆದ ಪಿಕಪ್ ವಾಹನದಲ್ಲಿ ನಾಯಿಯನ್ನು ಕೊರಳಪಟ್ಟಿಯಿಂದ ಕಟ್ಟಿ ಒಯ್ಯಬಾರದು. ವಾಹನ ತಿರುಗುವಾಗ ನಾಯಿ ಹೊರಗೆ ನೆಗೆದರೆ ಅಥವಾ ಬಿದ್ದರೆ ನೇತಾಡುತ್ತದೆ. ಎದೆಪಟ್ಟಿಗೆ ಎರಡು ಬದಿಯಿಂದ ಗಿಡ್ಡ ಹಗ್ಗ ಹಾಕಿ, ನಾಯಿ ಪಕ್ಕದ ಹಲಗೆಯನ್ನು ದಾಟಲಾಗದಂತೆ ನಡುವೆ ಕಟ್ಟಬೇಕು.

ತೆರೆದ ಬಾವಿಗೆ ಬಿದ್ದ ನಾಯಿಯನ್ನು ಕೊರಳಪಟ್ಟಿ ಹಿಡಿದು ಮೇಲೆತ್ತಿದರೆ ಇಡೀ ಮೈಭಾರ ಗಂಟಲಿನ ಮೇಲೆ ಬೀಳುತ್ತದೆ. ಎದೆಪಟ್ಟಿ ಇದ್ದರೆ ಬೆನ್ನಿನ ಬಳೆಗೆ ಕೊಕ್ಕೆ ಹಾಕಿ ಎತ್ತಬಹುದು. ಇಲ್ಲದಿದ್ದಲ್ಲಿ ದೊಡ್ಡ ಬುಟ್ಟಿಯನ್ನೋ ಹಗ್ಗದ ಮಂಚವನ್ನೋ ಇಳಿಬಿಟ್ಟು ನಾಯಿ ಅದರ ಮೇಲೆ ಹತ್ತುವಂತೆ ಮಾಡಬೇಕು. ಹಳೆಯ ಬಾವಿಗಳಲ್ಲಿ ವಿಷಾನಿಲದ ಅಪಾಯವಿರುವುದರಿಂದ ಯಾರೂ ಒಳಗೆ ಇಳಿಯದೆ, ಅಗ್ನಿಶಾಮಕ ದಳಕ್ಕೆ ಕರೆ ಮಾಡುವುದು ಸೂಕ್ತ.

ಚಿರತೆ ಸಾಮಾನ್ಯವಾಗಿ ಕೊರಳಿಗೇ ಬಾಯಿ ಹಾಕುತ್ತದೆ. ಹಿಮಾಲಯದ ಕುರಿಗಾಹಿಗಳು ತಮ್ಮ ನಾಯಿಗಳಿಗೆ ಹೊರಮುಖವಾಗಿ ಮೊಳೆಗಳಿರುವ ಕಬ್ಬಿಣದ ಪಟ್ಟಿ ತೊಡಿಸುವುದು ಈ ಕಾರಣಕ್ಕೆ. ಚಿರತೆಯ ಸಂಚಾರವಿರುವ ಕಡೆ ಎದೆಪಟ್ಟಿಯಾಗಲಿ ಸಾಮಾನ್ಯ ಕೊರಳಪಟ್ಟಿಯಾಗಲಿ ರಕ್ಷಣೆ ಕೊಡುವುದಿಲ್ಲ. ಬಯಲಿನಲ್ಲಿ ಕಟ್ಟಿದ ನಾಯಿಗೆ ಓಡಿ ಉಳಿಯುವ ಅವಕಾಶವೂ ಇರುವುದಿಲ್ಲ. ರಾತ್ರಿಯ ಹೊತ್ತು ಮೇಲ್ಛಾವಣಿಯುಳ್ಳ ಭದ್ರವಾದ ಗೂಡೊಂದೇ ಇದಕ್ಕೆ ಪರಿಹಾರ.

ಎದೆಪಟ್ಟಿಗೆ ರೂಢಿ ಮಾಡಿಸುವುದು

ಮೊದಲ ಎರಡು ದಿನ ಎದೆಪಟ್ಟಿಯನ್ನು ಊಟದ ತಟ್ಟೆಯ ಪಕ್ಕದಲ್ಲಿಟ್ಟು ಮೂಸಲು ಬಿಡಬೇಕು. ಆನಂತರ ಊಟದ ಹೊತ್ತಿನಲ್ಲಿ ಐದು ನಿಮಿಷ ತೊಡಿಸಿ ಬಿಚ್ಚಬೇಕು. ಅವಧಿಯನ್ನು ದಿನೇ ದಿನೇ ಹೆಚ್ಚಿಸಿ, ಒಂದು ವಾರದ ಬಳಿಕ ಹಗ್ಗ ಸಿಕ್ಕಿಸಿ ನಡೆಸಬೇಕು. ಬಲವಂತ ಮಾಡಿದರೆ ನಾಯಿ ಕಚ್ಚುವ ಸಾಧ್ಯತೆಯಿದೆ. ನಾಯಿಗೆ ರೇಬೀಸ್ ಲಸಿಕೆಯನ್ನು ಪಶುವೈದ್ಯರು ಸೂಚಿಸಿದಂತೆ ತಪ್ಪದೆ ಹಾಕಿಸಿ, ಮಾಲೀಕರ ದೂರವಾಣಿ ಸಂಖ್ಯೆಯನ್ನು ಬಿಲ್ಲೆಯ ಮೇಲೆ ಕೊರೆಸುವುದು ಒಳ್ಳೆಯದು.

ತುರ್ತು ಸಂದರ್ಭದಲ್ಲಿ

ನಾಯಿ ನೇತಾಡುತ್ತಿರುವುದು ಕಂಡರೆ ಮೊದಲು ಅದರ ಮೈಯನ್ನು ಮೇಲಕ್ಕೆತ್ತಿ ಭಾರ ತಗ್ಗಿಸಿ, ನಂತರ ಪಟ್ಟಿಯನ್ನು ಬಿಚ್ಚಬೇಕು ಅಥವಾ ಕುಡುಗೋಲಿನಿಂದ ಕೊರಳಿನ ಹಿಂಬದಿಯಲ್ಲಿ ಎಚ್ಚರಿಕೆಯಿಂದ ಕೊಯ್ಯಬೇಕು. ನಾಯಿ ಚೇತರಿಸಿಕೊಂಡಂತೆ ಕಂಡರೂ ಕೆಲವು ಗಂಟೆಗಳ ನಂತರ ಉಸಿರಾಟದ ತೊಂದರೆ ಕಾಣಿಸಿಕೊಳ್ಳಬಹುದಾದ್ದರಿಂದ ಪಶುವೈದ್ಯರಿಗೆ ತೋರಿಸಲೇಬೇಕು. ಮಾಂಸದಲ್ಲಿ ಹೂತ ಹಗ್ಗವನ್ನು ಮನೆಯಲ್ಲಿ ಕೀಳಬಾರದು. ಹುಳು ಬಿದ್ದ ಗಾಯಕ್ಕೆ ಬೆಳೆಯ ಕೀಟನಾಶಕ ಸುರಿಯಬಾರದು. ಸಮೀಪದ ಪಶು ಆಸ್ಪತ್ರೆಯನ್ನು ಅಥವಾ 1962 ಪಶು ಆರೋಗ್ಯ ಸಹಾಯವಾಣಿಯನ್ನು ಸಂಪರ್ಕಿಸಬೇಕು.

ಸಾರಾಂಶ

- ಹಗ್ಗ ಸಿಕ್ಕಿಸಿ ಎಳೆತ ಬೀಳುವ ಎಲ್ಲ ಸಂದರ್ಭಗಳಲ್ಲಿ ಎದೆಪಟ್ಟಿಯನ್ನೂ, ಗುರುತಿಗಾಗಿ ಹಗುರವಾದ ಕೊರಳಪಟ್ಟಿಯನ್ನೂ ಬಳಸಬೇಕು.
- ಎದೆಪಟ್ಟಿಯನ್ನು ದಿನವಿಡೀ ಬಿಡದೆ, ಕೆಲಸದ ನಂತರ ಬಿಚ್ಚಿ ಒಣಗಿಸಬೇಕು.
- ಸರಪಳಿಯ ವೃತ್ತದೊಳಗೆ ನಾಯಿ ಹತ್ತಿ ದಾಟುವಂತಹ ಏನೂ ಇರಬಾರದು.
- ಮರಿಯ ಪಟ್ಟಿಯನ್ನು ವಾರಕ್ಕೊಮ್ಮೆ ಸಡಿಲಿಸಬೇಕು.
- ಸಿಂಪರಣೆಯಾದ ಹೊಲಕ್ಕೆ ನಾಯಿಯನ್ನು ಬಿಡಬಾರದು.

ರೈತ ಬಾಂಧವರು ಈ ಲೇಖನವನ್ನು ಓದಿದ ಬಳಿಕ ತಮ್ಮ ನಾಯಿಯ ಪಟ್ಟಿಯೊಳಗೆ ಎರಡು ಬೆರಳು ತೂರಿಸಿ ನೋಡಿ, ಅದನ್ನು ಕಟ್ಟಿದ ಜಾಗದ ಸುತ್ತ ಒಮ್ಮೆ ನಡೆದು ಬರಬೇಕೆಂದು ಕೋರಲಾಗಿದೆ. ಇದಕ್ಕೆ ಹಿಡಿಯುವ ಸಮಯ ಐದು ನಿಮಿಷ ಮಾತ್ರ.